ಪರ್ಷಿಯನ್ ಬೆಕ್ಕು ತರೋಣ ಅಂತಿದ್ದೇವೆ: ಪಂಚ್ ಫೇಸಾ, ಡಾಲ್ ಫೇಸಾ?

ಜಯನಗರದ ಜಾಜಿ

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಮಗಳಿಗೆ 10 ವರ್ಷ. ಎರಡು ವರ್ಷದಿಂದ ಬೆಕ್ಕು ಬೇಕು ಅಂತ ಒಂದೇ ಹಟ. ಕೊನೆಗೂ ಅವಳಪ್ಪ ಒಪ್ಪಿದ್ದಾರೆ. ಅತ್ತೆ ಅರ್ಧ ಒಪ್ಪಿದ್ದಾರೆ.

ಕಳೆದ ಭಾನುವಾರ ಒಂದು ಅಂಗಡಿಗೆ ಹೋಗಿದ್ದೆವು. ಅಂಗೈಯಲ್ಲಿ ಹಿಡಿಸುವಷ್ಟು ಬಿಳಿ ಪರ್ಷಿಯನ್ ಮರಿ, ನೀಲಿ ಕಣ್ಣು. ಮೂಗು ಇದೆಯೋ ಇಲ್ಲವೋ ಅನ್ನುವಷ್ಟು ಚಪ್ಪಟೆ ಮೂತಿ. ‘ಎಕ್ಸ್‌ಟ್ರೀಮ್ ಪಂಚ್ ಫೇಸ್ ಮೇಡಂ, ಟ್ರಿಪಲ್ ಕೋಟ್, 40 ದಿನದ ಮರಿ, ನಾಳೆ ಬಂದರೆ ಇರಲ್ಲ’ ಅಂದರು. ಪಕ್ಕದ ಗೂಡಿನಲ್ಲಿ ಮೂಗು ಸ್ವಲ್ಪ ಮುಂದಿರುವ ಬೂದು ಮರಿ ಇತ್ತು, ಅದು ಡಾಲ್ ಫೇಸ್ ಅಂತೆ. ಬೆಲೆ ಬಿಳಿಯದರ ಅರ್ಧ. ಮಗಳ ಕಣ್ಣೆಲ್ಲ ಬಿಳಿಯದರ ಮೇಲೆ.

ನಮ್ಮದು ಮೂರನೇ ಮಹಡಿಯ ಫ್ಲ್ಯಾಟ್. ಮನೆಯಲ್ಲಿ ಮೊಟ್ಟೆಯೂ ಬೇಯುವುದಿಲ್ಲ. ಮೊಸರನ್ನ ತಿಂದುಕೊಂಡು ಇರುತ್ತದಾ? ಕೂದಲು ದಿನಾ ಬಾಚಲೇಬೇಕಾ? ಮಕ್ಕಳ ಜೊತೆ ಹೊಂದಿಕೊಳ್ಳುತ್ತದಾ? ಎಲ್ಲಕ್ಕಿಂತ ಮುಖ್ಯ, ಯಾವ ಮೂತಿಯದು ತರಬೇಕು?

ಮೀಸೆ ಮಾವ, ಮೈಸೂರು

ದುಡ್ಡು ಕೊಟ್ಟಿಲ್ಲ ತಾನೆ? ಕೊಟ್ಟಿಲ್ಲ ಅಂದರೆ ಒಂದು ಲೋಟ ಕಾಫಿ ಮಾಡಿಕೊಂಡು ಕೂತು ಇದನ್ನು ಓದಿ.

ನಮ್ಮ ಮನೆಯಲ್ಲಿ ಎರಡು ಇವೆ. ಒಬ್ಬ ದಿವಾನ, 11 ವರ್ಷ, ಹೊಗೆ ಬಣ್ಣ, ಡಾಲ್ ಫೇಸ್. ಇನ್ನೊಬ್ಬಳು ಚಿನ್ನು, 6 ವರ್ಷ, ನೀವು ನೋಡಿದಂಥ ಚಪ್ಪಟೆ ಮೂತಿ. ದೇಹ ಇಬ್ಬರದೂ ಒಂದೇ ಅಚ್ಚು: ಗಿಡ್ಡ ದಪ್ಪ ಕಾಲು, ಅಗಲ ಎದೆ, ಗುಂಡು ತಲೆ, ದೂರ ದೂರ ಕೂತ ಪುಟ್ಟ ಕಿವಿ, ಕತ್ತಿನ ಸುತ್ತ ಶಾಲು ಸುತ್ತಿಕೊಂಡ ಹಾಗೆ ಕೂದಲು, ಗಿಡ್ಡ ಪೊದೆ ಬಾಲ. ದಿವಾನ ನೋಡಲು ಏಳೆಂಟು ಕಿಲೋ ಕಾಣುತ್ತಾನೆ. ಸ್ನಾನ ಮಾಡಿಸಿದಾಗ ನೋಡಬೇಕು, ಒಳಗಿರುವುದು ನಾಲ್ಕೂವರೆ ಕಿಲೋ ಬೆಕ್ಕು. ಉಳಿದದ್ದೆಲ್ಲ ಕೂದಲು ಮತ್ತು ಗತ್ತು.

ವ್ಯತ್ಯಾಸ ಗೊತ್ತಾಗುವುದು ಊಟದ ಹೊತ್ತಿಗೆ. ದಿವಾನ ಎಲ್ಲ ಬೆಕ್ಕಿನ ಹಾಗೆ ಬಟ್ಟಲಿಗೆ ಬಾಯಿ ಹಾಕಿ ತಿನ್ನುತ್ತಾನೆ. ಚಿನ್ನುಗೆ ಬಟ್ಟಲು ಆಗದು. ಬಾಯಿಗಿಂತ ಮೊದಲು ಹಣೆ ತಗಲುತ್ತದೆ. ಚಪ್ಪಟೆ ತಟ್ಟೆಯಲ್ಲಿ ಹಾಕಿದರೆ ಒಣ ಆಹಾರದ ಕಾಳನ್ನು ಮೂತಿಯಿಂದ ತಳ್ಳಿಕೊಂಡು ತಟ್ಟೆಯ ಅಂಚಿನವರೆಗೆ ಹೋಗಿ, ಅಲ್ಲಿ ನಾಲಿಗೆಯಿಂದ ಎತ್ತುತ್ತಾಳೆ. ಅರ್ಧ ನೆಲಕ್ಕೆ. ತಿಂದಾದ ಮೇಲೆ ಐದು ನಿಮಿಷ ಸೊರ ಸೊರ ಉಸಿರು. ರಾತ್ರಿ ಗೊರಕೆ ನನ್ನದೋ ಅವಳದೋ ಅಂತ ಹೆಂಡತಿಗೆ ಅನುಮಾನ. ದಿನಾ ಬೆಳಗ್ಗೆ ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಕಣ್ಣು ಒರೆಸಬೇಕು. ಒಂದು ದಿನ ಬಿಟ್ಟರೆ ಕೆನ್ನೆ ಮೇಲೆ ಕಂದು ಗೆರೆ, ಎರಡು ದಿನ ಬಿಟ್ಟರೆ ಪಿಸುರು ಗಟ್ಟಿಯಾಗಿ ಅಂಟುತ್ತದೆ. ಆರು ವರ್ಷದಿಂದ ಮಾಡುತ್ತಿದ್ದೇನೆ, ಬೇಸರ ಇಲ್ಲ. ಆದರೆ ಮೊದಲೇ ಯಾರಾದರೂ ಹೇಳಿದ್ದರೆ ಚಿನ್ನುವನ್ನು ದುಡ್ಡು ಕೊಟ್ಟು ತರುತ್ತಿರಲಿಲ್ಲ. ಅವಳಿಗೆ ಇದನ್ನು ಹೇಳಬೇಡಿ.

ಸ್ವಭಾವಕ್ಕೆ ಮಾತ್ರ ನೂರಕ್ಕೆ ನೂರು. ಕೂಗುವುದು ಕಡಿಮೆ, ಕೂಗಿದರೂ ಬಾಗಿಲ ಸಂದಿನಿಂದ ಬಂದ ಹಾಗೆ ಸಣ್ಣ ದನಿ. ಫ್ರಿಜ್ ಮೇಲೆ, ಬೀರು ಮೇಲೆ ಹಾರುವ ಪೈಕಿ ಅಲ್ಲ. ಮಂಚ ಹತ್ತುವುದೇ ದೊಡ್ಡ ಕೆಲಸ. ಬೆಳಗ್ಗೆ ಆರಕ್ಕೆ ಪೇಪರ್ ಬಿಚ್ಚಿದರೆ ಸರಿಯಾಗಿ ನಾನು ಓದುತ್ತಿರುವ ಸುದ್ದಿಯ ಮೇಲೆ ಬಂದು ಕೂರುತ್ತಾನೆ ದಿವಾನ. ಆದರೆ ಎತ್ತಿ ಎತ್ತಿ ಆಡಿಸುವ ಗೊಂಬೆ ಅಲ್ಲ. ಅವನಾಗಿ ಬರಬೇಕು. ಕುಕ್ಕರ್ ಸೀಟಿಗೆ ಇಬ್ಬರೂ ಮಂಚದ ಕೆಳಗೆ. ಮಗಳಿಗೆ ಇಷ್ಟು ಹೇಳಿಕೊಡಿ, ಸಾಕು.

ಹೆಬ್ಬಾಳದ ವಿದ್ಯಾರ್ಥಿ

ಪಶುವೈದ್ಯ ಓದುತ್ತಿದ್ದೇನೆ, ಇನ್ನೂ ಡಾಕ್ಟರ್ ಅಲ್ಲ. ಆದರೂ ಆ ಅಂಗಡಿಯವರ ಮಾತಿನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು.

40 ದಿನದ ಮರಿ ಮಾರುವಂತೆಯೇ ಇಲ್ಲ. 2018ರ ಪೆಟ್ ಶಾಪ್ ನಿಯಮದ ಪ್ರಕಾರ ಎಂಟು ವಾರ ತುಂಬದ ನಾಯಿಮರಿ, ಬೆಕ್ಕಿನ ಮರಿ ಮಾರಬಾರದು. ನನ್ನನ್ನು ಕೇಳಿದರೆ ಬೆಕ್ಕಿಗೆ ಎಂಟೂ ಕಡಿಮೆ, ಹನ್ನೆರಡು ವಾರ ತಾಯಿ ಜೊತೆ ಇದ್ದರೆ ಒಳ್ಳೆಯದು. ಕಚ್ಚುವುದು ಎಷ್ಟು ಜೋರಾದರೆ ನೋವಾಗುತ್ತದೆ ಅಂತ ಕಲಿಯುವುದೇ ಆ ಹೊತ್ತಿನಲ್ಲಿ, ಒಡಹುಟ್ಟಿದವುಗಳ ಜೊತೆ.

ನೀಲಿ ಕಣ್ಣು ಅಂದಿರಿ. ಆ ವಯಸ್ಸಿಗೆ ಯಾವ ಬೆಕ್ಕಿನ ಮರಿಯ ಕಣ್ಣಾದರೂ ನೀಲಿಯೇ! ಆರೇಳು ವಾರದ ಮೇಲೆ ನಿಜವಾದ ಬಣ್ಣ ಬರಲು ಶುರು. ತಾಮ್ರದ ಬಣ್ಣಕ್ಕೆ ತಿರುಗಿದರೆ ನೀಲಿಗೆ ಕೊಟ್ಟ ದುಡ್ಡು ಹೋಯಿತು. ನೀಲಿಯಾಗಿಯೇ ಉಳಿದರೆ ಇನ್ನೊಂದು ತಾಪತ್ರಯ. ಎರಡೂ ಕಣ್ಣು ನೀಲಿ ಇರುವ ಅಚ್ಚ ಬಿಳಿ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಿವುಡಾಗಿರುತ್ತವೆ. ಕಿವುಡು ಬೆಕ್ಕನ್ನು ಮನೆಯೊಳಗೆ ಚೆನ್ನಾಗಿಯೇ ಸಾಕಬಹುದು, ಆದರೆ ಗೊತ್ತಿದ್ದು ತರಬೇಕು ಅಲ್ವಾ?

‘ಟ್ರಿಪಲ್ ಕೋಟ್’ ಅನ್ನುವುದು ಅಂಗಡಿ ಭಾಷೆ. ಹೊರಗಿನ ಉದ್ದ ಕೂದಲು, ನಡುವಿನದು, ಒಳಗಿನ ಹತ್ತಿಯಂಥದ್ದು, ಹೀಗೆ ಮೂರು ಬಗೆ ನಿಮ್ಮ ಬೀದಿ ಬೆಕ್ಕಿಗೂ ಇರುತ್ತದೆ. ಪರ್ಷಿಯನ್‌ಗೆ ಅದು ಉದ್ದ ಮತ್ತು ದಟ್ಟ, ಅಷ್ಟೇ.

ಇನ್ನು ಮೂತಿ. ತಲೆಬುರುಡೆ ಮಾತ್ರ ಗಿಡ್ಡವಾಗಿದೆ, ಒಳಗಿನ ಮಾಂಸ ಮೊದಲಿನಷ್ಟೇ ಇದೆ. ಅದು ಹೋಗಲು ಜಾಗ ಇಲ್ಲ. ಮೂಗಿನ ಹೊಳ್ಳೆ ಬರೀ ಸೀಳಿನಂತೆ ಆಗುತ್ತದೆ. ಕಣ್ಣೀರು ಮೂಗಿಗೆ ಇಳಿಯುವ ನಾಳ ಮಡಚಿಕೊಳ್ಳುತ್ತದೆ. ಅದಕ್ಕೇ ಮಾವನವರ ಚಿನ್ನುಗೆ ದಿನಾ ಕೆನ್ನೆ ಒದ್ದೆ. ಹಲ್ಲು ಒಂದರ ಮೇಲೊಂದು ಬರುತ್ತವೆ. ಕಣ್ಣು ಗುಡ್ಡೆ ಹೊರಗೆ ಚಾಚಿ ಪಾಪೆಯ ಮೇಲೆ ಹುಣ್ಣಾಗುವುದು ಜಾಸ್ತಿ. ಹೆರಿಗೆಯಲ್ಲೂ ಮರಿಯ ದೊಡ್ಡ ಗುಂಡು ತಲೆ ಸಿಕ್ಕಿಕೊಳ್ಳುತ್ತದೆ. ಕ್ಲಿನಿಕ್‌ನಲ್ಲಿ ಚಪ್ಪಟೆ ಮೂತಿಯ ಬೆಕ್ಕಿಗೆ ಅರಿವಳಿಕೆ ಕೊಡುವಾಗ ಎಲ್ಲರೂ ಎರಡು ಪಟ್ಟು ಎಚ್ಚರ ಇರುತ್ತೇವೆ.

ಛಲೋ ಹುಬ್ಬಳ್ಳಿ

ಇಷ್ಟ್ಯಾಕ ಹೆದರಸ್ತೀರಿ ಪಾ? ನಮ್ಮನ್ಯಾಗ ಪಂಚ್ ಫೇಸ್ ಐದು ವರ್ಷ ಆತು, ಒಂದ ಸಲಾನೂ ದವಾಖಾನಿಗೆ ಹೋಗಿಲ್ಲ. ಗೊರಕಿ ಹೊಡಿತದ, ಹೊಡೀಲಿ ಬಿಡ್ರಿ.

ಹೆಬ್ಬಾಳದ ವಿದ್ಯಾರ್ಥಿ

ಅಣ್ಣ, ಲಸಿಕೆಗೂ ಹೋಗಿಲ್ಲವಾ?

ಛಲೋ ಹುಬ್ಬಳ್ಳಿ

ಲಸಿಕಿಗೆ ಹೋಗೀವಿ. ಅದು ಲೆಕ್ಕಕ್ಕಿಲ್ಲ.

ನಾಡಬೆಕ್ಕು

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬೀದಿಯಲ್ಲಿ ಮರಿಗಳು ಕಾರಿನ ಕೆಳಗೆ ಸಾಯುತ್ತಿವೆ. ಸಾವಿರಾರು ರೂಪಾಯಿ ಕೊಟ್ಟು ಉಸಿರಾಡಲು ಕಷ್ಟಪಡುವ ಪ್ರಾಣಿ ತರಬೇಕಾ? ನಮ್ಮ ನಾಡಬೆಕ್ಕಿಗೆ ಮೂಗಿದೆ, ಬುದ್ಧಿ ಇದೆ, ಬಿಸಿಲು ತಡೆಯುತ್ತದೆ, ಬಾಚಣಿಗೆ ಬೇಡ. ಉದ್ದ ಕೂದಲು ಬಂದದ್ದು ಚಳಿ ಊರಲ್ಲಿ. ಪರ್ಷಿಯಾದ ಬೆಕ್ಕಿಗೆ ಜಯನಗರದಲ್ಲಿ ಏನು ಕೆಲಸ?

ಮೀಸೆ ಮಾವ, ಮೈಸೂರು

ನಿಮ್ಮ ಮೊದಲ ಮಾತು ಒಪ್ಪಿದೆ. ಕೊನೆಯ ಮಾತಿಗೆ ಒಂದು ಸಣ್ಣ ತಕರಾರು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಇಂಥ ಹಳೆಯ ಸಂಗತಿ ಹುಡುಕುವುದೇ ನನ್ನ ಕೆಲಸ, ಸಹಿಸಿಕೊಳ್ಳಿ.

ಪಿಯೆತ್ರೊ ಡೆಲ್ಲಾ ವಾಲೆ ಅಂತ ರೋಮಿನ ಒಬ್ಬ ಪ್ರವಾಸಿ ಇದ್ದ. ಪರ್ಷಿಯಾದಲ್ಲಿ ಕೆಲವು ವರ್ಷ ಇದ್ದು ಊರಿಗೆ ಪತ್ರ ಬರೆಯುತ್ತಿದ್ದ. ಅಲ್ಲಿನ ಖೊರಾಸಾನ್ ಪ್ರಾಂತ್ಯದ ಬೂದು ಬಣ್ಣದ, ರೇಷ್ಮೆಯಂಥ ಉದ್ದ ಕೂದಲಿನ ಬೆಕ್ಕುಗಳ ಮಾತು ಆ ಪತ್ರಗಳಲ್ಲಿ ಬರುತ್ತದೆ. ಈ ಬೆಕ್ಕುಗಳ ತಳಿಯನ್ನು ಊರಿಗೂ ಒಯ್ಯಬೇಕು ಅಂತ ಅವನಿಗೆ ಆಸೆ. ಪರ್ಷಿಯನ್ ಬೆಕ್ಕಿನ ಕಥೆ ಹೇಳುವವರೆಲ್ಲ ಅವನಿಂದಲೇ ಶುರು ಮಾಡುತ್ತಾರೆ. ಅದೇ ಮನುಷ್ಯ 1623ರಲ್ಲಿ ಗೋವಾದಿಂದ ಪೋರ್ಚುಗೀಸರ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದ, ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನ ನೋಡಿದ. ಅಲ್ಲಿಂದ ಘಟ್ಟ ಇಳಿದು ಮಂಗಳೂರು ಕಡೆ ಹೋಗಿ ಉಳ್ಳಾಲದ ರಾಣಿಯನ್ನು ಕಂಡು ಮಾತಾಡಿಸಿದ. ಅಂದರೆ ಪರ್ಷಿಯನ್ ಬೆಕ್ಕನ್ನು ಮೆಚ್ಚಿದ ಕಣ್ಣು ನಮ್ಮ ಇಕ್ಕೇರಿಯನ್ನೂ ನೋಡಿತ್ತು. ಪತ್ರಗಳಲ್ಲಿ ಇಕ್ಕೇರಿಯ ಬೀದಿ, ಕೋಲಾಟ ಎಲ್ಲ ಇವೆ, ನಮ್ಮ ಬೆಕ್ಕಿನ ಬಗ್ಗೆ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ನಾಡಬೆಕ್ಕಿನವರಿಗೆ ಸಿಟ್ಟು ಬರುವುದು ಸರಿಯೇ.

ಆದರೆ ಈಗಿನ ಪರ್ಷಿಯನ್ ಹೆಸರಿಗೆ ಮಾತ್ರ ಪರ್ಷಿಯನ್. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ದೊಡ್ಡ ಬೆಕ್ಕು ಪ್ರದರ್ಶನ ನಡೆಯಿತು. ಆಮೇಲೆ ತಳಿ ತಿದ್ದಿದ್ದೆಲ್ಲ ಇಂಗ್ಲೆಂಡ್, ಅಮೆರಿಕದವರು. ವಂಶವಾಹಿ ನೋಡಿದವರು ಇದು ಇರಾನಿನ ಕಡೆಗಿಂತ ಪಶ್ಚಿಮ ಯುರೋಪಿನ ಬೆಕ್ಕುಗಳಿಗೇ ಹತ್ತಿರ ಅನ್ನುತ್ತಾರೆ. ಹಳೇ ಫೋಟೋಗಳಲ್ಲಿ ಎಲ್ಲಕ್ಕೂ ಮೂಗು ಇದೆ. ಮೂಗು ಒಳಗೆ ಹೋದದ್ದು ಕಳೆದ 60-70 ವರ್ಷದ ಫ್ಯಾಶನ್. ಹಾಗಾಗಿ ‘ಒರಿಜಿನಲ್ ಪರ್ಷಿಯನ್ ಅಂದರೆ ಪಂಚ್ ಫೇಸ್’ ಅಂತ ಯಾರಾದರೂ ಹೇಳಿದರೆ ನಕ್ಕು ಬನ್ನಿ.

ಕಡಲತಡಿ, ಮಂಗಳೂರು

ಉಳ್ಳಾಲದ ವಿಷಯ ಓದಿ ಖುಷಿಯಾಯಿತು ಮಾರಾಯ್ರೆ!

ನಮ್ಮ ಕಡೆ ಬಿಸಿಲಿಗಿಂತ ತೇವದ ಕಾಟ. ಕಳೆದ ಮಳೆಗಾಲ ನಮ್ಮ ಪರ್ಷಿಯನ್‌ಗೆ ಕಿವಿಯ ತುದಿಯಲ್ಲಿ ನಾಲ್ಕಾಣೆ ಅಗಲ ಕೂದಲು ಉದುರಿತು. ಜಗಳ ಮಾಡಿಕೊಂಡು ಗಾಯ ಆಗಿರಬೇಕು ಅಂತ ಸುಮ್ಮನಾದೆ. ಹತ್ತು ದಿನಕ್ಕೆ ನನ್ನ ಮೊಣಕೈ ಮೇಲೆ ದುಂಡಗೆ ಕೆಂಪು ಉಂಗುರ. ಮತ್ತೆ ನಾಲ್ಕು ದಿನಕ್ಕೆ ತಂಗಿಯ ಕುತ್ತಿಗೆ ಮೇಲೆ. ಹುಳುಕಡ್ಡಿ! ಮೈಕ್ರೊಸ್ಪೋರಮ್ ಅನ್ನುವ ಶಿಲೀಂಧ್ರ ಅಂತೆ, ಬೆಕ್ಕಿನಿಂದ ಮನುಷ್ಯರಿಗೆ ಆರಾಮಾಗಿ ಬರುತ್ತದೆ. ಪರ್ಷಿಯನ್‌ಗೆ ಸ್ವಲ್ಪ ಜಾಸ್ತಿಯೇ. ದಟ್ಟ ಕೂದಲಲ್ಲಿ ಶುರುವಾದದ್ದು ಕಾಣುವುದೇ ಇಲ್ಲ.

ಬೆಕ್ಕಿಗೆ ವಾರಕ್ಕೆ ಎರಡು ಸಲ ಗಂಧಕದ ನೀರಲ್ಲಿ ಅದ್ದುವುದು, ಮನೆಯಿಡೀ ಕೊಳೆತ ಮೊಟ್ಟೆಯ ವಾಸನೆ. ಜೊತೆಗೆ ತಿಂಗಳುಗಟ್ಟಲೆ ಗುಳಿಗೆ. ಹಾಸಿಗೆ, ಸೋಫಾ ಕವರ್, ಬಾಚಣಿಗೆ ಎಲ್ಲ ತೊಳೆಯುವುದು. ಒಟ್ಟು ಮೂರು ತಿಂಗಳು. ತಂದ ದಿನವೇ ಮರಿಯ ಕಿವಿ, ಮೂಗಿನ ಮೇಲೆ, ಪಂಜ ನೋಡಿ. ಅಂಗಡಿಯ ಒಂದೇ ಗೂಡಿನಲ್ಲಿ ಹತ್ತು ಮರಿ ಇದ್ದರೆ ಬರುವ ಸಾಧ್ಯತೆ ಜಾಸ್ತಿ.

ಜಯನಗರದ ಜಾಜಿ

ಅಯ್ಯೋ, ಇಷ್ಟೆಲ್ಲ ಇದೆಯಾ! ಎಲ್ಲರಿಗೂ ಥ್ಯಾಂಕ್ಸ್. ದುಡ್ಡು ಕೊಟ್ಟಿಲ್ಲ. ಮಗಳಿಗೆ ಎಂಟು ವಾರದ ಲೆಕ್ಕ ಹೇಳಿದೆ, ಅಳು ನಿಂತಿದೆ, ಮುನಿಸು ಇದೆ. ಊಟದ ಬಗ್ಗೆ ಯಾರೂ ಹೇಳಲಿಲ್ಲ. ಅತ್ತೆಯ ಷರತ್ತು ಒಂದೇ, ‘ನನ್ನ ಅಡುಗೆ ಮನೆಗೆ ಮಾಂಸ ಬರಕೂಡದು.’ ಹಾಲು, ಮೊಸರನ್ನ, ತುಪ್ಪ ಇದರಲ್ಲಿ ಸಾಕಲು ಆಗುವುದಿಲ್ಲವಾ?

ಹೆಬ್ಬಾಳದ ವಿದ್ಯಾರ್ಥಿ

ಆಗುವುದಿಲ್ಲ. ಇದರಲ್ಲಿ ಚೌಕಾಸಿ ಇಲ್ಲ.

ನಾಯಿ ಅಷ್ಟಿಷ್ಟು ಹೊಂದಿಕೊಳ್ಳುತ್ತದೆ, ಬೆಕ್ಕು ಹೊಂದಿಕೊಳ್ಳುವುದಿಲ್ಲ. ಟಾರಿನ್ ಅಂತ ಒಂದು ಅಂಶ ಮಾಂಸದಲ್ಲಿ ಮಾತ್ರ ಸಾಕಷ್ಟು ಸಿಗುತ್ತದೆ. ಬೆಕ್ಕಿನ ದೇಹ ಅದನ್ನು ಬೇಕಾದಷ್ಟು ತಯಾರಿಸಿಕೊಳ್ಳದು. ಕಡಿಮೆಯಾದರೆ ಕಣ್ಣು ಹಾಳಾಗುತ್ತದೆ, ಹೃದಯ ಉಬ್ಬಿ ಸೋಲುತ್ತದೆ. ಹೃದಯದ ಈ ಸಂಬಂಧ ಗೊತ್ತಾದದ್ದು 1987ರಲ್ಲಿ. ಅದಾದ ಮೇಲೆ ಕಂಪನಿಗಳು ಬೆಕ್ಕಿನ ಆಹಾರದಲ್ಲಿ ಟಾರಿನ್ ಹೆಚ್ಚಿಸಿದವು. ಮೊಸರನ್ನ ತಿಂದ ಬೆಕ್ಕು ಎರಡು ವರ್ಷ ಚೆನ್ನಾಗಿಯೇ ಕಾಣಬಹುದು, ಒಳಗೆ ಸೊರಗುತ್ತಿರುತ್ತದೆ. ಹಾಲು ದೊಡ್ಡ ಬೆಕ್ಕುಗಳಲ್ಲಿ ಎಷ್ಟಕ್ಕೋ ಜೀರ್ಣವಾಗುವುದಿಲ್ಲ, ಭೇದಿ. ಪರ್ಷಿಯನ್‌ಗೆ ಭೇದಿಯಾದರೆ ಹಿಂಭಾಗದ ಕೂದಲ ಗತಿ ನೀವೇ ಊಹಿಸಿ.

ಮೀಸೆ ಮಾವ, ಮೈಸೂರು

ತೆನಾಲಿ ರಾಮಕೃಷ್ಣ ಬಿಸಿ ಹಾಲು ಇಟ್ಟು ಬೆಕ್ಕಿಗೆ ಹಾಲು ಬಿಡಿಸಿದ ಕಥೆ ಕೇಳಿ ನಕ್ಕಿದ್ದೆವು. ಈಗ ನೋಡಿದರೆ ಬೆಕ್ಕಿಗೆ ಉಪಕಾರವನ್ನೇ ಮಾಡಿದ್ದಾನೆ ಅನಿಸುತ್ತದೆ.

ನಮ್ಮದೂ ಸಸ್ಯಾಹಾರಿ ಮನೆ. ಉಪಾಯ ಹೇಳುತ್ತೇನೆ. ಒಣ ಆಹಾರದ ಚೀಲ ಯುಟಿಲಿಟಿಯಲ್ಲಿ ಮುಚ್ಚಳದ ಡಬ್ಬದಲ್ಲಿ ಇರಲಿ. ಅದರದೇ ತಟ್ಟೆ, ಅದರದೇ ಚಮಚ, ಅದರದೇ ತೊಳೆಯುವ ನಾರು. ಸಂಜೆ ಒಂದು ಪೌಚ್ ವೆಟ್ ಫುಡ್ ಕೊಡಿ. ಬೆಕ್ಕು ನೀರು ಕುಡಿಯುವುದು ಕಡಿಮೆ, ಅದರಲ್ಲಾದರೂ ನೀರು ಹೋಗಲಿ. ಅಡುಗೆ ಮನೆಗೆ ಏನೂ ಹೋಗುವುದಿಲ್ಲ. ಇನ್ನೊಂದು ವಿಷಯ ಅತ್ತೆಯವರಿಗೆ ಹೇಳಿ: ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ, ರಕ್ತವೇ ಕೆಡುತ್ತದೆ. ಆ ವಿಷಯದಲ್ಲಿ ಬೆಕ್ಕು ಪೂರ್ತಿ ಅವರ ಪಕ್ಷ.

ಬಾಚಣಿಗೆ

ಬೆಂಗಳೂರಿನಲ್ಲಿ ಗ್ರೂಮಿಂಗ್, ಅಂದರೆ ಸಾಕುಪ್ರಾಣಿಗಳ ಕೂದಲು ಬಾಚಿ ಕತ್ತರಿಸುವ ಕೆಲಸ ಮಾಡುತ್ತೇನೆ, ಏಳು ವರ್ಷ ಆಯಿತು. ‘ದಿನಾ ಬಾಚಬೇಕಾ’ ಅಂತ ಕೇಳಿದ್ದೀರಿ, ಅದಕ್ಕೆ ಮಾತ್ರ ಉತ್ತರ ಬರೆಯುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ದಿನಾ ಬಾಚಬೇಕು. ಹತ್ತು-ಹದಿನೈದು ನಿಮಿಷ. ಅದಕ್ಕಿಂತ ಮುಖ್ಯ, ಹೇಗೆ ಬಾಚುತ್ತೀರಿ ಅನ್ನುವುದು. ನಮ್ಮ ಹತ್ತಿರ ಬರುವವರಲ್ಲಿ ಹೆಚ್ಚಿನವರು ‘ದಿನಾ ಬಾಚುತ್ತೇವೆ ಸರ್’ ಅನ್ನುತ್ತಾರೆ. ಸುಳ್ಳಲ್ಲ. ಆದರೆ ಬ್ರಶ್ ಓಡುವುದು ಮೇಲೆ ಮೇಲೆ. ನೋಡಲು ಬೆಕ್ಕು ಹತ್ತಿಯುಂಡೆ ಹಾಗೆ ಅರಳಿರುತ್ತದೆ. ನಾನು ಕೂದಲ ಒಳಗೆ ಬೆರಳಿಳಿಸಿದರೆ ಚರ್ಮ ಸಿಗುವುದಿಲ್ಲ, ಕುರಿ ಕಂಬಳಿ ಸಿಗುತ್ತದೆ. ಒಳಗಿನ ಕೂದಲು ಉದುರಿ, ಹೊರಗೆ ಬರಲಾಗದೆ, ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯೇ ಆಗಿರುತ್ತದೆ. ಬೆಕ್ಕು ಕಾಲು ಚಾಚಿದಾಗಲೆಲ್ಲ ಚರ್ಮ ಎಳೆಯುತ್ತದೆ. ‘ಯಾಕೋ ಇತ್ತೀಚೆಗೆ ಮುಟ್ಟಿದರೆ ಸಿಟ್ಟು’ ಅನ್ನುವ ಎಷ್ಟೋ ಬೆಕ್ಕುಗಳ ಕಾರಣ ಇಷ್ಟೇ.

ಸ್ಟೀಲ್ ಬಾಚಣಿಗೆ ತಗೊಳ್ಳಿ, ಒಂದು ಕಡೆ ಅಗಲ ಹಲ್ಲು, ಇನ್ನೊಂದು ಕಡೆ ಸಣ್ಣ ಹಲ್ಲು. ಕೂದಲನ್ನು ಪುಸ್ತಕದ ಹಾಳೆ ತಿರುವಿದ ಹಾಗೆ ಸಾಲು ಸಾಲಾಗಿ ಬಿಡಿಸಿ, ಬುಡದಿಂದ ತುದಿಗೆ ಬಾಚಿ. ಬಾಚಣಿಗೆ ಚರ್ಮ ಮುಟ್ಟಿ ತಡೆಯಿಲ್ಲದೆ ಹೊರಗೆ ಬಂದರೆ ಆ ಜಾಗ ಮುಗಿಯಿತು. ಸಿಕ್ಕು ಆಗುವ ಜಾಗ ನಾಲ್ಕು: ಕಿವಿಯ ಹಿಂದೆ, ಕಂಕುಳು, ಹೊಟ್ಟೆ, ಹಿಂಗಾಲ ಸಂದು. ಬೆನ್ನು ಎಲ್ಲರೂ ಬಾಚುತ್ತಾರೆ, ಅಲ್ಲಿ ಸಿಕ್ಕೇ ಆಗುವುದಿಲ್ಲ.

ಸಣ್ಣ ಸಿಕ್ಕಿಗೆ ಒಂದು ಚಿಟಿಕೆ ಕಾರ್ನ್ ಫ್ಲೋರ್ ಉಜ್ಜಿ, ಬೆರಳಲ್ಲೇ ಎಳೆ ಎಳೆ ಬಿಡಿಸಿ, ಆಮೇಲೆ ಬಾಚಿ. ಕತ್ತರಿ ಮಾತ್ರ ಹಿಡಿಯಬೇಡಿ. ಬೆಕ್ಕಿನ ಚರ್ಮ ತೆಳು. ಸಿಕ್ಕನ್ನು ಎತ್ತಿ ಹಿಡಿದಾಗ ಅದರ ಜೊತೆ ಚರ್ಮವೂ ಎದ್ದು ಬರುತ್ತದೆ, ಯಾವುದು ಕೂದಲು, ಯಾವುದು ಚರ್ಮ ಗೊತ್ತಾಗದು. ಎರಡು ಇಂಚು ಸೀಳಿ ಹೊಲಿಗೆ ಹಾಕಿಸಿಕೊಂಡ ಬೆಕ್ಕು ನೋಡಿದ್ದೇನೆ. ಸಿಕ್ಕು ಬಿಡಿಸದೆ ಸ್ನಾನವೂ ಬೇಡ, ಒದ್ದೆಯಾದರೆ ಇನ್ನೂ ಬಿಗಿಯುತ್ತದೆ. ನಮ್ಮ ಶಾಂಪೂ ಬೇಡವೇ ಬೇಡ, ಬೆಕ್ಕಿನದೇ ಸಿಗುತ್ತದೆ. ಸ್ನಾನ ಆದಮೇಲೆ ಬುಡದವರೆಗೆ ಒಣಗಬೇಕು. ಬಾಲದ ಕೆಳಗೆ, ಹಿಂಗಾಲ ಹಿಂದೆ ಕೂದಲು ಗಿಡ್ಡ ಮಾಡಿಸಿಕೊಳ್ಳಿ, ಅದಕ್ಕೆ ನಮ್ಮಂಥವರ ಹತ್ತಿರ ಬನ್ನಿ. ಬೆಕ್ಕಿನ ಕಕ್ಕಸು ತಟ್ಟೆಗೆ ಹಾಕುವ ಲಿಟರ್‌ನಲ್ಲಿ, ನೀರು ತಗುಲಿದರೆ ಗಂಟಾಗುವ ಮಣ್ಣಿನದು ಈ ಕೂದಲಿಗೆ ಅಂಟಿಕೊಂಡು ಮನೆಯಿಡೀ ಓಡಾಡುತ್ತದೆ. ಮರದ ಉಂಡೆಯ ಲಿಟರ್ ವಾಸಿ.

ಬಾಚಿದ ಕೂದಲು ಕೈಗೆ ಬರುತ್ತದೆ. ಬಾಚದ ಕೂದಲನ್ನು ಬೆಕ್ಕೇ ನೆಕ್ಕಿ ನುಂಗುತ್ತದೆ, ಆಮೇಲೆ ರಾತ್ರಿ ಎರಡು ಗಂಟೆಗೆ ಕಾರ್ಪೆಟ್ ಮೇಲೆ ಒದ್ದೆ ಬತ್ತಿಯಂಥ ಉಂಡೆ ಕಕ್ಕುತ್ತದೆ. ಎರಡರಲ್ಲಿ ಒಂದು ಆರಿಸಿಕೊಳ್ಳಿ.

ಬಿಸಿಲೂರು, ಕಲಬುರಗಿ

ನಮ್ಮೂರಿನವರಿಗೆ ಬೇಸಿಗೆ ಬಗ್ಗೆ ಹೇಳುವ ಹಕ್ಕಿದೆ ಅಂದುಕೊಂಡಿದ್ದೇನೆ. ಮೇ ತಿಂಗಳು 42-43 ಡಿಗ್ರಿ. ಎರಡು ವರ್ಷದ ಹಿಂದೆ ಮಧ್ಯಾಹ್ನ ಕರೆಂಟ್ ಹೋಯಿತು, ಕೂಲರ್ ನಿಂತಿತು. ಮೂರು ಗಂಟೆಗೆ ನೋಡಿದರೆ ನಮ್ಮ ಸುಲ್ತಾನ್ ಬಾಯಿ ತೆರೆದು ನಾಯಿ ಹಾಗೆ ಏದುಸಿರು ಬಿಡುತ್ತಿದ್ದ. ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಕೇಡಿನ ಸೂಚನೆ ಅಂತ ಅವತ್ತಿನವರೆಗೆ ಗೊತ್ತಿರಲಿಲ್ಲ. ಒದ್ದೆ ಬಟ್ಟೆಯಿಂದ ಪಂಜ, ಕಿವಿ, ಹೊಟ್ಟೆ ಒರೆಸುತ್ತಲೇ ಆಸ್ಪತ್ರೆಗೆ ಓಡಿದೆವು. ಐಸ್ ನೀರು ಸುರಿಯದಿದ್ದದ್ದು ಒಳ್ಳೆಯದಾಯಿತು ಅಂದರು ಅಲ್ಲಿ. ಉಳಿದ.

ಈಗ ಏಪ್ರಿಲ್ ಬಂದ ತಕ್ಷಣ ಕೂದಲು ಗಿಡ್ಡ ಮಾಡಿಸುತ್ತೇವೆ, ಪೂರ್ತಿ ಬೋಳಿಸುವುದಿಲ್ಲ. ನಡುಮನೆಯ ಶಹಾಬಾದ್ ಕಲ್ಲಿನ ನೆಲಕ್ಕೆ ಮಧ್ಯಾಹ್ನ ಎರಡು ಸಲ ಒದ್ದೆ ಬಟ್ಟೆ ಹಾಕುತ್ತೇನೆ. ಹಾಕುವುದೇ ತಡ, ಬಂದು ಹೊಟ್ಟೆ ಅಂಟಿಸಿಕೊಂಡು ನಾಲ್ಕೂ ಕಾಲು ಚಾಚಿ ಮಲಗುತ್ತಾನೆ. ಮೇಲಿಂದ ನೋಡಿದರೆ ಯಾರೋ ಬೀಳಿಸಿಕೊಂಡು ಹೋದ ಟೋಪಿ.

ಇನ್ನೊಂದು. ನೆಲ ಒರೆಸುವ ನೀರಿಗೆ ಫಿನಾಯಿಲ್ ಹಾಕಬೇಡಿ.

ಹೆಬ್ಬಾಳದ ವಿದ್ಯಾರ್ಥಿ

ಫಿನಾಯಿಲ್ ವಿಷಯ ಹೇಳಿದ್ದು ಬಹಳ ಒಳ್ಳೆಯದಾಯಿತು. ಬೆಕ್ಕು ನಡೆದ ಪಂಜವನ್ನು ನೆಕ್ಕುತ್ತದೆ. ಅದರ ಯಕೃತ್ತಿಗೆ ಆ ಜಾತಿಯ ವಿಷವನ್ನು ಹೊರಹಾಕಲು ಬರುವುದಿಲ್ಲ. ಅದೇ ಕಾರಣಕ್ಕೆ ಪ್ಯಾರಾಸಿಟಮಾಲ್ ಕೂಡ. ‘ಮೈ ಬಿಸಿ ಇತ್ತು, ಡೋಲೋ ಕಾಲು ಗುಳಿಗೆ ಕೊಟ್ಟೆವು’ ಅಂತ ಬರುತ್ತಾರೆ. ಅಷ್ಟೂ ಸಾಕು ಸಾಯಲು. ಅಂದಹಾಗೆ ಬೆಕ್ಕಿನ ಮೈ ಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಮಾಮೂಲಿ, ನಮ್ಮ ಕೈಗೆ ಯಾವಾಗಲೂ ಜ್ವರ ಇದ್ದ ಹಾಗೇ ಅನಿಸುತ್ತದೆ. ನಾಯಿಯ ಮೈಯ ಉಣ್ಣೆ ಹುಳು ಸಾಯಲಿ ಅಂತ ಬೆನ್ನಿಗೆ ಹಾಕುವ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಅದೂ ಬೇಡ. ಹೂಗುಚ್ಛದಲ್ಲಿ ಲಿಲಿ ಬಂದರೆ ಬಾಗಿಲಲ್ಲೇ ತಡೆಯಿರಿ. ಅದರ ಪರಾಗ ಮೈಗೆ ಬಿದ್ದು ನೆಕ್ಕಿದರೂ ಕಿಡ್ನಿ ಹೋಗುತ್ತದೆ.

ಕಿಡ್ನಿ ಅಂದಾಗ ನೆನಪಾಯಿತು, ಪಿಕೆಡಿ, ಅಂದರೆ ಕಿಡ್ನಿಯಲ್ಲಿ ನೀರುಗುಳ್ಳೆ ಬೆಳೆಯುವ ವಂಶಪಾರಂಪರ್ಯದ ಕಾಯಿಲೆ ಬಗ್ಗೆ ಯಾರೂ ಬರೆದಿಲ್ಲ.

ಎಡಿಸನ್ ಅಕ್ಕ, ನ್ಯೂಜೆರ್ಸಿ

ಅದನ್ನು ನಾನು ಬರೆಯುತ್ತೇನೆ, ಅನುಭವಿಸಿದ್ದೇನೆ. ನಮ್ಮದು ಹಿಮಾಲಯನ್. ಹಿಮಾಲಯಕ್ಕೂ ಇದಕ್ಕೂ ಸಂಬಂಧ ಇಲ್ಲ. ಪರ್ಷಿಯನ್‌ಗೆ ಸಯಾಮೀಸ್ ಸೇರಿಸಿ ಮಾಡಿದ್ದು. ಮೂತಿ, ಕಿವಿ, ಕಾಲು, ಬಾಲ ಮಾತ್ರ ಕಪ್ಪು, ಅಂಥದೇ ಬಣ್ಣದ ಮೊಲಕ್ಕೆ ಆ ಹೆಸರಿತ್ತು. ಬೆಕ್ಕಿನ ತಳಿಗಳನ್ನು ನೋಂದಾಯಿಸುವ ಇಲ್ಲಿನ ಸಿಎಫ್‌ಎ ಸಂಸ್ಥೆ 1957ರಲ್ಲಿ ಬೇರೆ ತಳಿ ಅಂತ ಒಪ್ಪಿ, 1984ರಲ್ಲಿ ಪರ್ಷಿಯನ್ನಿನ ಒಂದು ಬಣ್ಣ ಅಂತ ಒಳಗೆ ಸೇರಿಸಿಕೊಂಡಿತು.

ನಮ್ಮ ಮೊದಲ ಬೆಕ್ಕಿಗೆ ಏಳನೇ ವರ್ಷ ನೀರು ಕುಡಿಯುವುದು ಜಾಸ್ತಿಯಾಯಿತು, ತೂಕ ಇಳಿಯಿತು. ಸ್ಕ್ಯಾನ್ ಮಾಡಿದರೆ ಎರಡೂ ಕಿಡ್ನಿಯಲ್ಲಿ ದ್ರಾಕ್ಷಿ ಗೊಂಚಲು. ಹುಟ್ಟುವಾಗಲೇ ಇರುವ ನೀರುಗುಳ್ಳೆಗಳು ವರ್ಷ ವರ್ಷ ದೊಡ್ಡವಾಗುತ್ತವೆ. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೂ ಸಾಕು, ಮರಿಗಳಲ್ಲಿ ಅರ್ಧಕ್ಕೆ ಬರುತ್ತದೆ. ಒಂದು ಕಾಲದಲ್ಲಿ ಪರೀಕ್ಷೆ ಮಾಡಿದ ಪರ್ಷಿಯನ್‌ಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚಿಗೆ ಇತ್ತು. 2004ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಆ ವಂಶವಾಹಿ ದೋಷ ಹಿಡಿದರು. ಈಗ ಕೆನ್ನೆ ಒಳಗೆ ಹತ್ತಿಕಡ್ಡಿ ಆಡಿಸಿ ಕಳಿಸಿದರೆ ಗೊತ್ತಾಗುತ್ತದೆ. ಎರಡನೆಯದನ್ನು ತರುವಾಗ ತಂದೆ ತಾಯಿ ಎರಡರದೂ ರಿಪೋರ್ಟ್ ಕೇಳಿ ತಂದೆವು. ಅಂಗಡಿಯವರನ್ನು ಕೇಳಿ ನೋಡಿ ಜಾಜಿ, ಅವರ ಮುಖ ನೋಡಿದರೆ ಉತ್ತರ ಸಿಗುತ್ತದೆ.

ನಾಡಬೆಕ್ಕು ಅವರೇ, ನೀವು ಹೇಳಿದ್ದು ತಪ್ಪಲ್ಲ. ಆದರೆ ಈಗಾಗಲೇ ಹುಟ್ಟಿರುವ ಪರ್ಷಿಯನ್ ಏನು ಮಾಡಬೇಕು? ಅದನ್ನೂ ಯಾರೋ ಬಾಚಬೇಕಲ್ಲ.

ನಾಡಬೆಕ್ಕು

ಅದು ಸರಿ. ಬೇಡ ಅಂತ ಬಿಟ್ಟದ್ದನ್ನು ತಂದರೆ ನನ್ನ ತಕರಾರಿಲ್ಲ. ಹೊಸದಾಗಿ ಹುಟ್ಟಿಸಲು ದುಡ್ಡು ಕೊಡಬೇಡಿ, ಅಷ್ಟೇ.

ಬಾಚಣಿಗೆ

ಜಾಜಿ ಮೇಡಂ, ಅಂಥವು ಬೇಕಾದಷ್ಟಿವೆ. ಮರಿಯಿದ್ದಾಗ ಫೋಟೋ ತೆಗೆದು, ಎರಡು ವರ್ಷಕ್ಕೆ ಕೂದಲು ಸಾಕಾಗಿ, ‘ಯಾರಾದರೂ ತಗೊಳ್ತಾರಾ’ ಅಂತ ನಮ್ಮನ್ನೇ ಕೇಳುತ್ತಾರೆ. ದೊಡ್ಡ ಬೆಕ್ಕಾದರೆ ಮೂತಿ, ಕಣ್ಣಿನ ಬಣ್ಣ, ಸ್ವಭಾವ ಎಲ್ಲ ಕಣ್ಣೆದುರೇ ಇರುತ್ತದೆ, ಊಹೆ ಬೇಕಿಲ್ಲ.

ಜಯನಗರದ ಜಾಜಿ

ಐದು ವಾರ ಆದಮೇಲೆ ಬರೆಯುತ್ತಿದ್ದೇನೆ. ತಂದೆವು! ಅಂಗಡಿಯಿಂದ ಅಲ್ಲ. ಊರು ಬಿಟ್ಟು ಹೋಗುತ್ತಿದ್ದ ಒಂದು ಮನೆಯವರದು. ಹೆಣ್ಣು, 3 ವರ್ಷ, ಕೆನೆ ಬಣ್ಣ, ತಾಮ್ರದ ಕಣ್ಣು, ಮೂಗು ಇದೆ. ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಲಸಿಕೆ ಪುಸ್ತಕದಲ್ಲಿ ಒಂದು ವರ್ಷ ಖಾಲಿ ಇತ್ತು, ರೇಬಿಸ್ ಮತ್ತು ಮೂರು ರೋಗದ್ದು ಎರಡನ್ನೂ ಹಾಕಿಸಿದೆವು. ಸ್ಕ್ಯಾನ್ ಮಾಡಿಸಿದೆವು, ಕಿಡ್ನಿ ಚೆನ್ನಾಗಿದೆ ಅಂದರು. ಬಂದಾಗ ಬಾಚಣಿಗೆಯವರು ಹೇಳಿದ ಕಂಬಳಿಯೇ ಇತ್ತು, ಹೊಟ್ಟೆ ಪೂರ್ತಿ. ಮಷಿನ್‌ನಲ್ಲಿ ತೆಗೆಸಿದಾಗ ಒಂದೇ ತುಂಡಾಗಿ ಬಂತು, ವೆಸ್ಟ್ ಬಿಚ್ಚಿದ ಹಾಗೆ. ಅವತ್ತು ರಾತ್ರಿ ಮೊದಲ ಸಲ ಅಂಗಾತ ಮಲಗಿದಳು.

ಮಗಳು ಗಿಣ್ಣು ಅಂತ ಹೆಸರಿಟ್ಟಿದ್ದಾಳೆ. ಬಣ್ಣ ನೋಡಿದರೆ ನಿಮಗೂ ಅದೇ ಹೆಸರು ಬರುತ್ತಿತ್ತು.

ಅತ್ತೆ ಈಗಲೂ ಅರ್ಧವೇ ಒಪ್ಪಿರುವುದು. ಮೊನ್ನೆ ಅವರು ಹೂಬತ್ತಿ ಹೊಸೆಯುತ್ತಿದ್ದಾಗ ಗಿಣ್ಣು ಹತ್ತಿಯ ಬುಟ್ಟಿಯಲ್ಲಿ ಮಲಗಿದ್ದಾಳೆ. ಸಂಜೆ ದೀಪ ಹಚ್ಚಿದರೆ ಚಟಚಟ ಅಂದು ಕೂದಲು ಸುಟ್ಟ ವಾಸನೆ. ಎರಡು ದಿನ ನನ್ನ ಜೊತೆ ಮಾತಿಲ್ಲ. ಬೆಕ್ಕಿನ ಜೊತೆ ಇದೆ, ‘ನಿನ್ನಿಂದ ಆದದ್ದು ನೋಡು’ ಅಂತ.

ಈಗ ಕೂದಲು ಮುಕ್ಕಾಲು ಇಂಚು ಬಂದಿದೆ. ಬೆನ್ನು ಬಾಚಿಸಿಕೊಳ್ಳುತ್ತಾಳೆ, ಕಿವಿ ಹಿಂದೆಯೂ ಸರಿ. ಹೊಟ್ಟೆ ಮುಟ್ಟಿದರೆ ಹಿಂಗಾಲಲ್ಲಿ ಒದೆಯುತ್ತಾಳೆ. ಏನು ಮಾಡಲಿ?

ಬಾಚಣಿಗೆ

ಹಳೇ ನೋವಿನ ನೆನಪು ಅದು. ಅಂಗಾತ ಮಲಗಿಸಬೇಡಿ. ನೀವು ನೆಲದ ಮೇಲೆ ಕೂತು, ಅವಳನ್ನು ನಿಮ್ಮ ಕಡೆ ಬೆನ್ನು ಮಾಡಿ ನಿಲ್ಲಿಸಿ. ಒಂದು ಕೈ ಎದೆಯ ಕೆಳಗೆ ಕೊಟ್ಟು ಮುಂಗಾಲು ಸ್ವಲ್ಪ ಎತ್ತಿ, ಇನ್ನೊಂದು ಕೈಯಲ್ಲಿ ಬಾಚಿ. ಮಗಳು ಮುಂದೆ ಕೂತು ಚಮಚದಲ್ಲಿ ವೆಟ್ ಫುಡ್ ನೆಕ್ಕಿಸಲಿ. ಮೊದಲ ದಿನ ಎರಡೇ ಎಳೆತ, ನಿಲ್ಲಿಸಿ. ಒದೆಯುವ ಮೊದಲೇ ನಿಲ್ಲಿಸಬೇಕು, ಒದ್ದ ಮೇಲಲ್ಲ. ಬಾಲ ಪಟ ಪಟ ಹೊಡೆಯಲು ಶುರುವಾದರೆ ಅವತ್ತಿಗೆ ಸಾಕು.

ಜಯನಗರದ ಜಾಜಿ

ಇವತ್ತು ನಾಲ್ಕು ಎಳೆತ ಆಯಿತು. ಐದನೆಯದಕ್ಕೆ ಕೈ ಕಚ್ಚಿದಳು.

ಹೆಬ್ಬಾಳದ ವಿದ್ಯಾರ್ಥಿ

ಹಲ್ಲು ಚರ್ಮದೊಳಗೆ ಹೋಯಿತಾ? ಹೋಗಿದ್ದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಇವತ್ತೇ ಡಾಕ್ಟರಿಗೆ ತೋರಿಸಿ. ಬೆಕ್ಕಿನ ಕಡಿತ ಹೊರಗೆ ಸಣ್ಣ ಚುಕ್ಕೆ, ಒಳಗೆ ಬೇಗ ಕೀವಾಗುತ್ತದೆ.

ಜಯನಗರದ ಜಾಜಿ

ಇಲ್ಲ ಇಲ್ಲ, ಹಲ್ಲು ಸುಮ್ನೆ ಒತ್ತಿ ಬಿಟ್ಟಳು. ಆಮೇಲೆ ಆ ಜಾಗವನ್ನೇ ನೆಕ್ಕಿದಳು. ನಾಳೆ ಮೂರಕ್ಕೆ ನಿಲ್ಲಿಸುತ್ತೇನೆ.